ಹುಳ ಕೆಳಗೆ, ತುಪ್ಪ ಮೇಲೆ

ಮದ್ದೂರು, ಮಳವಳ್ಳಿ ಕಡೆ ಜೇನು ಕೀಳುವುದೆಂದರೆ ಒಂದು ಕಾಲಕ್ಕೆ ದೊಂದಿ ಹಚ್ಚುವುದೇ ಆಗಿತ್ತು. ಹೆಜ್ಜೇನಿಗೆ ರಾತ್ರಿ ಬೆಂಕಿ, ಪೊಟರೆಯ ತುಡುವೆಗೆ ಹೊಗೆ. ಎರಿಯನ್ನು ಮರಿಸಮೇತ ಕಿತ್ತು ಬಟ್ಟೆಯಲ್ಲಿ ಹಿಂಡುತ್ತಿದ್ದರು. ಪೆಟ್ಟಿಗೆ ಬಂದ ಮೇಲೂ ಆ ಚಾಳಿ ಬೇಗ ಬಿಡಲಿಲ್ಲ. ತುಪ್ಪ ತೆಗೆಯುವ ದಿನ ತೆಂಗಿನ ಸಿಪ್ಪೆಯ ಹೊಗೆ ಊದಿ, ಚೌಕಟ್ಟು ಝಾಡಿಸಿ, ಅಂಟಿಕೊಂಡ ಹುಳಗಳನ್ನು ಗುಡಿಸುತ್ತಿದ್ದೆವು. ತುಪ್ಪಕ್ಕೆ ಹೊಗೆ ವಾಸನೆ ಹತ್ತುತ್ತಿತ್ತು. ಕಾಟ ಹೆಚ್ಚಾದರೆ ತುಡುವೆ ಕುಟುಂಬ ಗೂಡನ್ನೇ ಬಿಟ್ಟು ಹಾರಿಹೋಗುತ್ತಿತ್ತು.

ಹುಳವನ್ನು ಓಡಿಸದೆ ತಾನಾಗಿ ಇಳಿಯುವಂತೆ ಮಾಡುವ ಉಪಾಯ ಹೊಸದೇನಲ್ಲ. ಅಮೆರಿಕದ ಪೋರ್ಟರ್ ಹೆಸರಿನ ಒಮ್ಮುಖ ಬಾಗಿಲು ಬಂದದ್ದು 1891ರಲ್ಲಿ. ಅದು ಯುರೋಪಿನ ದಪ್ಪ ಹುಳದ ಅಳತೆಗೆ ಆದದ್ದು. ನಮ್ಮ ತುಡುವೆ ಸಣ್ಣದು. ಅದಕ್ಕೆಂದೇ ಪಾದ್ರಿ ನ್ಯೂಟನ್ 1910ರ ದಶಕದಲ್ಲಿ ತಿರುಚಿರಾಪಳ್ಳಿ ಕಡೆ ರೂಪಿಸಿದ ಪೆಟ್ಟಿಗೆಯೂ ಸಣ್ಣದು. ಹಾಗಾಗಿ ನಮಗೆ ಬೇಕಾದದ್ದನ್ನು ಊರ ಬಡಗಿಯೇ ಮಾಡಬೇಕಾಯಿತು.

ಪೆಟ್ಟಿಗೆಯ ಅಗಲಕ್ಕೆ ಸರಿಯಾಗಿ ಒಂದು ಹಲಗೆ, ಸುತ್ತ ರೀಪಿನ ಅಂಚು, ನಡುವೆ ಒಂದು ತೂತು. ತೂತಿನ ಕೆಳಗೆ ಕಿಟಕಿಯ ತಂತಿ ಜಾಲರಿಯನ್ನು ಆಲಿಕೆಯಂತೆ ಸುತ್ತಿ ಹೊಡೆಯುತ್ತಿದ್ದೆವು. ಮೇಲೆ ಅಗಲ, ತುದಿಯಲ್ಲಿ ಒಂದೇ ಹುಳ ನುಸುಳುವಷ್ಟು ಕಿರಿದು. ಸಂಜೆ ಹೊತ್ತಿಗೆ ಈ ಹಲಗೆಯನ್ನು ಮರಿಗಳಿರುವ ಸಂಸಾರ ಕೋಣೆಗೂ ಮೇಲಿನ ಜೇನು ಕೋಣೆಗೂ ನಡುವೆ ಇಟ್ಟರೆ, ಹುಳಗಳು ರಾಣಿಯ ಕಡೆಗೆ ಇಳಿಯುತ್ತವೆ. ಮತ್ತೆ ಮೇಲೇರಲು ದಾರಿ ಸಿಗುವುದಿಲ್ಲ. ಒಂದೆರಡು ದಿನದಲ್ಲಿ ಮೇಲಿನ ಕೋಣೆ ಹೆಚ್ಚುಕಡಿಮೆ ಖಾಲಿ.

ಆದರೆ ಮೇಲೆ ಮರಿಯ ಎರಿ ಇದ್ದರೆ ಹುಳ ಇಳಿಯುವುದಿಲ್ಲ. ಕಾವಲಿಲ್ಲದ ತುಪ್ಪಕ್ಕೆ ಇರುವೆ ಮುತ್ತುತ್ತದೆ, ಬೇರೆ ಗೂಡಿನ ಹುಳಗಳೂ ಲೂಟಿಗೆ ಬರುತ್ತವೆ. ಅದಕ್ಕೇ ಮುಚ್ಚಳದ ಸಂದುಗಳಿಗೆ ಜೇಡಿಮಣ್ಣು ಮೆತ್ತಿ, ಪೆಟ್ಟಿಗೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುತ್ತಿದ್ದೆವು.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಸಂತತಿಯ ಬಹುಪಾಲನ್ನು ನುಂಗಿತು. ಮರಿಗಳು ನೀರು ತುಂಬಿದ ಚೀಲದಂತಾಗಿ ಗೂಡಿನಲ್ಲೇ ಸತ್ತವು. ಪೆಟ್ಟಿಗೆಗಳು ಅಟ್ಟ ಸೇರಿದವು, ಜಾಲರಿ ಹಲಗೆಗಳೂ ಅವುಗಳ ಜೊತೆಗೆ. ಮಾಡುವ ಕೈಗಳಿಗೆ ಆ ಕೆಲಸ ಮರೆತೇಹೋಯಿತು.

ಈಗ ತುಡುವೆ ಚೇತರಿಸಿಕೊಂಡಿದೆ, ಸಹಾಯಧನದಲ್ಲಿ ಪೆಟ್ಟಿಗೆಗಳೂ ಸಿಗುತ್ತಿವೆ. ನಮ್ಮ ಸೀಮೆ ಜೇನಿಗೆ ಒಳ್ಳೆಯ ಸೀಮೆ. ತೆಂಗು ವರ್ಷವಿಡೀ ಹೊಂಬಾಳೆ ಬಿಡುತ್ತದೆ, ಬೇಸಿಗೆಯಲ್ಲಿ ಹೊಂಗೆ, ಆಮೇಲೆ ಹುಣಸೆ. ರೇಷ್ಮೆ ಸಾಕುವ ಊರುಗಳಲ್ಲಿ ಹಿಪ್ಪುನೇರಳೆಗೆ ಕಂಡಕಂಡ ವಿಷ ಹೊಡೆಯುವಂತಿಲ್ಲ. ಹೊಡೆದರೆ ಮೊದಲು ಸಾಯುವುದು ತನ್ನ ರೇಷ್ಮೆಹುಳವೇ ಎಂದು ರೈತನಿಗೆ ಗೊತ್ತು. ಆ ಎಚ್ಚರ ಜೇನನ್ನೂ ಕಾಯುತ್ತದೆ.

ಆದರೆ ಅಂಗಡಿಯ ಸಾಮಾನು ಹೆಚ್ಚಾಗಿ ಮೆಲ್ಲಿಫೆರಾ ಎಂಬ ಆ ಯುರೋಪಿನ ಹುಳದ ಅಳತೆಗೇ ಬರುತ್ತದೆ. ಹೊಸಬರು ಮತ್ತೆ ಹೊಗೆಯನ್ನೇ ನೆಚ್ಚುವುದನ್ನು ನೋಡಿ ಸಂಕಟವಾಗುತ್ತದೆ. ಪೆಟ್ಟಿಗೆ ಹಂಚುವ ಪ್ರತಿ ತರಬೇತಿಯಲ್ಲೂ ಒಂದು ತುಂಡು ಹಲಗೆ, ಒಂದಿಷ್ಟು ಜಾಲರಿ ಕೊಟ್ಟು, ಈ ಜಾಲರಿ ಹಲಗೆಯನ್ನು ಅವರ ಕೈಯಲ್ಲೇ ಮಾಡಿಸಬೇಕು. ತನ್ನ ಪೆಟ್ಟಿಗೆಯ ಅಳತೆ ತಿಳಿದವನು ತನ್ನ ಹುಳದ ಅಳತೆಯನ್ನೂ ತಿಳಿಯುತ್ತಾನೆ. ಜೇನು ಸಾಕಣೆ ನಮ್ಮಲ್ಲಿ ನಿಲ್ಲಬೇಕಾದರೆ ಈ ತಿಳಿವಳಿಕೆ ಬೇಕು.