ಅಧಿಕ ಸೆಕೆಂಡು

ಅಧಿಕ ಮಾಸವನ್ನು ನಾವೆಲ್ಲರೂ ಬಲ್ಲೆವು. ಅಧಿಕ ಸೆಕೆಂಡೆಂಬುದೊಂದಿದೆಯೆಂದು ನಮಗೆ ತಿಳಿದದ್ದು 2012ರ ಜುಲೈ 1ರ ಭಾನುವಾರ ಬೆಳಿಗ್ಗೆ, ದೊಡ್ಡಬಳ್ಳಾಪುರದ ನಮ್ಮ ಮನೆಯ ಮಾಳಿಗೆಯ ಮೇಲೆ. ಆ ವರ್ಷ ಭಾದ್ರಪದವು ಅಧಿಕವಾಗಿ ಬರಲಿದ್ದಿತು. ಅದಕ್ಕೆ ಮೊದಲೇ, ಶ್ರಾವಣದಲ್ಲಿ, ಮಗಳ ಲಗ್ನವನ್ನು ಮುಗಿಸಬೇಕೆಂದು ಪಂಚಾಂಗ ಹಿಡಿದು ಕುಳಿತಿದ್ದ ದಿನಗಳವು.

ನಮ್ಮ ಕಿರಿಯ ಮಗ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಸೇರಿ ಆರು ತಿಂಗಳಾಗಿದ್ದಿತು. ಔಷಧಿ ಅಂಗಡಿಗಳಿಂದ ಬರುವ ಬೇಡಿಕೆಗಳನ್ನು ಬರೆದಿಟ್ಟುಕೊಳ್ಳುವ ಸರ್ವರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಅವು ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುತ್ತವೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಲೂ ಬಹುದು. ಬೆಂಗಳೂರಿನಲ್ಲಿ ಇದರ ಅಭಿಮಾನಿಗಳು 2001ರಿಂದ 'ಲಿನಕ್ಸ್ ಬೆಂಗಳೂರು' ಎಂಬ ಸಮ್ಮೇಳನವನ್ನೇ ನಡೆಸುತ್ತಿದ್ದರು. ಉಚಿತವಾಗಿ ಪಡೆದು ಬಳಸುವವರಿಗೆ, ಕೆಟ್ಟರೆ ಬಂದು ಸರಿಪಡಿಸಿಕೊಡುವ ಅಂಗಡಿಯವನಿಲ್ಲ. ಬಲ್ಲವರನ್ನು ಕೇಳಬೇಕು, ಬಲ್ಲವರು ಹೇಳಬೇಕು. ನಮ್ಮೂರಿನ ಮಗ್ಗದ ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ಜಕಾರ್ಡ್ ಸಿಕ್ಕಿಕೊಂಡರೆ ಮೊದಲು ಕೂಗುವುದು ಪಕ್ಕದ ಮನೆಯ ನೇಕಾರರನ್ನು.

ಬೆಳಿಗ್ಗೆ ಆರರ ಸುಮಾರಿಗೆ ಪೂಜೆಗೆ ಅಣಿಯಾಗುತ್ತಿದ್ದೆವು. ಮಗನ ಫೋನು ಒಂದೇ ಸಮನೆ ಬಡಿದುಕೊಂಡಿತು. ಅವನು ಲ್ಯಾಪ್‌ಟಾಪ್ ಹಿಡಿದು, ಡೇಟಾಕಾರ್ಡಿಗೆ ಸಿಗ್ನಲ್ ಸಿಗುತ್ತಿದ್ದ ಏಕೈಕ ಸ್ಥಳವಾದ ಮಾಳಿಗೆಗೆ ಓಡಿದನು. ಹಿಂದೆಯೇ ಹೋದೆವು. ಮುಖ ಬಿಳಿಚಿಕೊಂಡಿದ್ದಿತು. ಯಂತ್ರಗಳು ಯಾವ ಕೆಲಸವನ್ನೂ ಮಾಡದೆ ನೂರಕ್ಕೆ ನೂರರಷ್ಟು ದುಡಿಯುತ್ತಿವೆ, ಬೇಡಿಕೆಗಳು ಒಳಹೋಗುತ್ತಿಲ್ಲ ಎಂದನು. "ಅಪ್ಪಾಜಿ, ನಿನ್ನೆ ರಾತ್ರಿ ಮಲಗುವ ಮುನ್ನ ಇಲ್ಲಿಂದಲೇ ಒಂದು ಬದಲಾವಣೆ ಮಾಡಿದ್ದೆ. ಯಾರನ್ನೂ ಕೇಳಿರಲಿಲ್ಲ. ನನ್ನಿಂದಲೇ ಹೀಗಾಗಿದೆ."

ಆಗ ನಾವು ಆಡಿದ ಮಾತನ್ನು ಮುಚ್ಚಿಡದೆ ಬರೆಯುತ್ತಿದ್ದೇವೆ. ಸಲಹೆ ಕೇಳುವುದಕ್ಕಾಗಿ ಅವನು ಯಂತ್ರದ ದಿನಚರಿಯನ್ನು, ಎಂದರೆ ಯಾವ ಗಳಿಗೆಯಲ್ಲಿ ಏನಾಯಿತೆಂದು ಯಂತ್ರವೇ ಬರೆದಿಡುವ ಸಾಲುಗಳನ್ನು, ಅಪರಿಚಿತ ಬಲ್ಲವರಿಗೆ ಕಳುಹಿಸುವವನಿದ್ದನು. ಅದರಲ್ಲಿ ರಾತ್ರಿಯ ಅವನ ಕೈಕೆಲಸವೂ ಕಾಣುತ್ತಿದ್ದಿತು. "ರಾತ್ರಿಯದನ್ನು ತೆಗೆದುಬಿಡು. ಆರು ಗಂಟೆಯ ಈಚಿನದನ್ನಷ್ಟೇ ಕಳುಹಿಸು. ನೌಕರಿ ಹೊಸದು" ಎಂದೆವು. ಮೂವತ್ತು ವರ್ಷ ಸರ್ಕಾರಿ ಕಚೇರಿಯ ಕಡತಗಳ ನಡುವೆ ಬಾಳಿದವರ ಬುದ್ಧಿ ಅದು. ಮಗ ಒಮ್ಮೆ ನಮ್ಮತ್ತ ನೋಡಿದನು. ಉತ್ತರ ಕೊಡಲಿಲ್ಲ. ಇಡೀ ದಿನಚರಿಯನ್ನು ಕಳುಹಿಸಿ, ತಾನು ಮಾಡಿದ ಬದಲಾವಣೆಯನ್ನೂ ಕೆಳಗೆ ಬರೆದನು.

ಸ್ವಲ್ಪ ಹೊತ್ತಿನಲ್ಲಿಯೇ ಉತ್ತರ ಬಂದಿತು. ನಿನ್ನ ಬದಲಾವಣೆಗೂ ಇದಕ್ಕೂ ಸಂಬಂಧವಿಲ್ಲ, 5 ಗಂಟೆ 29 ನಿಮಿಷದ ಸಾಲನ್ನು ಓದು, ಎಂದಿದ್ದಿತು. ಗಡಿಯಾರಕ್ಕೆ ಅಧಿಕ ಸೆಕೆಂಡೊಂದನ್ನು ಸೇರಿಸಲಾಯಿತು ಎಂದು ಯಂತ್ರವು ಅಲ್ಲಿ ಬರೆದುಕೊಂಡಿದ್ದಿತು. ನಮ್ಮ ಮಾತು ನಡೆದಿದ್ದರೆ ಕತ್ತರಿಸಿ ಹೋಗುತ್ತಿದ್ದುದು ಅದೇ ಸಾಲು.

ಭೂಮಿ ತಿರುಗುವ ವೇಗ ಸದಾ ಒಂದೇ ಸಮನಲ್ಲ. ಪರಮಾಣು ಗಡಿಯಾರವಾದರೋ ಕೂದಲೆಳೆಯಷ್ಟೂ ತಪ್ಪದು. ಎರಡನ್ನೂ ಹೊಂದಿಸಲು 1972ರಿಂದ ಆಗಾಗ ಒಂದು ಸೆಕೆಂಡನ್ನು ಸೇರಿಸುತ್ತ ಬಂದಿದ್ದಾರೆ. ಗ್ರೀನಿಚ್ಚಿನ ನಡುರಾತ್ರಿ ನಮಗೆ ಬೆಳಗಿನ ಐದೂವರೆ. ಅಂದು ಲಿನಕ್ಸಿನ ತಿರುಳು ಸೆಕೆಂಡನ್ನೇನೋ ಸೇರಿಸಿತು, ಆದರೆ ತನ್ನೊಳಗೇ ಇರುವ ಸೂಕ್ಷ್ಮ ಗಡಿಯಾರಗಳಿಗೆ ಸುದ್ದಿ ಮುಟ್ಟಿಸಲಿಲ್ಲ. ಅವು ಒಂದು ಸೆಕೆಂಡು ಮುಂದೆಯೇ ಉಳಿದವು. "ಅರೆ ಸೆಕೆಂಡು ಕಳೆದ ಮೇಲೆ ಎಬ್ಬಿಸು" ಎಂದು ಮಲಗಿದ ಕೆಲಸವನ್ನು ತಕ್ಷಣವೇ ಎಬ್ಬಿಸುವುದು, ಅದು ಮತ್ತೆ ಮಲಗುವುದು, ಮತ್ತೆ ಎಬ್ಬಿಸುವುದು. ಯಂತ್ರದ ಶಕ್ತಿಯೆಲ್ಲ ಹೀಗೆಯೇ ವ್ಯಯವಾಗುತ್ತಿದ್ದಿತು. ಅದೇ ಹೊತ್ತಿನಲ್ಲಿ ಆಸ್ಟ್ರೇಲಿಯದಲ್ಲಿ ಕ್ವಾಂಟಾಸ್ ವಿಮಾನ ಸಂಸ್ಥೆಯವರು ಗಣಕ ನಿಂತುದರಿಂದ ಪ್ರಯಾಣಿಕರ ನೋಂದಣಿಯನ್ನು ಕೈಯಿಂದಲೇ ಮಾಡುತ್ತಿದ್ದರಂತೆ.

ಪರಿಹಾರ ನಗುವಂಥದು: ಯಂತ್ರಕ್ಕೆ ಈಗ ಎಷ್ಟು ಗಂಟೆಯೋ ಅದನ್ನೇ ಮತ್ತೊಮ್ಮೆ ಹೇಳುವುದು. ಹಾಗೆ ಹೇಳಿದಾಗ ತಿರುಳು ಎಲ್ಲ ಗಡಿಯಾರಗಳಿಗೂ ಸುದ್ದಿ ಕಳುಹಿಸುತ್ತದೆ. ಮಗ ಒಂದೇ ಸಾಲು ಬರೆದು ಗುಂಡಿ ಒತ್ತಿದನು. ನೂರಿದ್ದ ಅಂಕಿ ನಮ್ಮ ಕಣ್ಣೆದುರಿಗೇ ನಾಲ್ಕಕ್ಕಿಳಿಯಿತು.

ಅವನು ಕೆಳಗಿಳಿದು ಬರಲಿಲ್ಲ. ಅದೇ ಸಂಕಟದಲ್ಲಿದ್ದ ಇತರರ ಪ್ರಶ್ನೆಗಳಿಗೆ ಅದೇ ಉತ್ತರವನ್ನು ಬರೆಯುತ್ತ ಕುಳಿತನು. ನಮ್ಮ ಮನೆಯವರು ಉಪ್ಪಿಟ್ಟನ್ನು ಎರಡು ಬಾರಿ ಬಿಸಿ ಮಾಡಿದರು. "ಇದಕ್ಕೂ ಸಂಬಳ ಕೊಡುತ್ತಾರೇನಪ್ಪಾ?" ಎಂದು ಕೇಳಿದರು. "ಇಲ್ಲಮ್ಮಾ. ನನಗೆ ಹೇಳಿದವರಿಗೆ ಯಾರು ಕೊಟ್ಟರು?" ಎಂದನು. ಸೋಮವಾರ ಕಚೇರಿಯಲ್ಲಿ ರಾತ್ರಿಯ ಬದಲಾವಣೆಯ ವಿಷಯವನ್ನೂ ತಾನೇ ಹೇಳಿ ಬೈಸಿಕೊಂಡು ಬಂದನು. ನೌಕರಿ ಉಳಿಯಿತು.

ಆ ಬಳಿಕ 2015ರಲ್ಲೊಮ್ಮೆ, 2016ರ ಕೊನೆಯ ಗಳಿಗೆಯಲ್ಲೊಮ್ಮೆ ಅಧಿಕ ಸೆಕೆಂಡು ಬಂದಿತು. ಈ ಪದ್ಧತಿಯನ್ನೇ 2035ರೊಳಗೆ ಕೈಬಿಡಬೇಕೆಂದು 2022ರಲ್ಲಿ ರಾಷ್ಟ್ರಗಳು ತೀರ್ಮಾನಿಸಿವೆ. 2017ರ ಜನವರಿ 1 ಸಹ ಭಾನುವಾರವೇ. ಮಗ ಮನೆಯಲ್ಲಿದ್ದನು. ಬೆಳಿಗ್ಗೆ ಐದಕ್ಕೇ ಎದ್ದು ಮಾಳಿಗೆಗೆ ಹೋದೆವು. ಅವನು ಆಗಲೇ ಶಾಲು ಹೊದ್ದು ಅಲ್ಲಿ ಕುಳಿತಿದ್ದನು. ಐದೂವರೆ ಕಳೆಯಿತು. ಏನೂ ಆಗಲಿಲ್ಲ. ಇಬ್ಬರೂ ಕಾಫಿ ಕುಡಿದೆವು.