ಆಡದೆ ದಾಟಿದ ಸುತ್ತು

ಪ್ರೀತಿಯ ಪುಟ್ಟಿ,

ನಿನ್ನ ಬ್ಯಾಡ್ಮಿಂಟನ್ ಟೂರ್ನಿಯ ಡ್ರಾ ಪಟ್ಟಿಯ ಫೋಟೋ ನೋಡಿದೆ. ನಿನ್ನ ಹೆಸರಿನ ಕೆಳಗಿನ ಮನೆಯಲ್ಲಿ ಯಾವ ಹುಡುಗಿಯ ಹೆಸರೂ ಇಲ್ಲ, ಬರೀ ‘ಬೈ’ ಅಂತಿದೆ. ಗೆಳತಿಯರು ‘ಪುಕ್ಕಟೆ ಗೆದ್ದಳು’ ಅಂತ ರೇಗಿಸಿದ್ದಕ್ಕೆ ಮುಖ ಊದಿಸಿಕೊಂಡು ಕೂತಿದ್ದೀಯಂತೆ, ನಿಮ್ಮಮ್ಮ ಹೇಳಿದರು.

ಇದರಲ್ಲಿ ಯಾರ ದಯೆಯೂ ಇಲ್ಲ ಕಣೇ, ಬರೀ ಲೆಕ್ಕ. ನಿಮ್ಮ ವಿಭಾಗಕ್ಕೆ ಹೆಸರು ಕೊಟ್ಟವರು 23 ಮಂದಿ. ಹಾಗೇ ಜೋಡಿ ಮಾಡುತ್ತಾ ಹೋದರೆ 12, ಆಮೇಲೆ 6, ಆಮೇಲೆ 3. ಸೆಮಿಫೈನಲ್‌ಗೆ ಮೂವರು ಬಂದು ನಿಂತರೆ ಏನು ಮಾಡೋದು? ಅದಕ್ಕೇ 32 ಮನೆಯ ಪಟ್ಟಿ ಹಾಕಿ, ಖಾಲಿ ಉಳಿದ 9 ಮನೆಗೂ ‘ಬೈ’ ಅಂತ ಬರೆಯುತ್ತಾರೆ. ಮಿಕ್ಕ 14 ಮಂದಿ 7 ಪಂದ್ಯ ಆಡುತ್ತಾರೆ. ಗೆದ್ದ 7, ಬೈ ಸಿಕ್ಕಿದ 9, ಒಟ್ಟು 16. ಅಲ್ಲಿಂದ ಮುಂದೆ ತೊಡಕಿಲ್ಲ. ಹಂಚುವಾಗ ಮೊದಲ ಸರದಿ ಸೀಡ್ ಆದವರದು. ನೀನು ಮೂರನೇ ಸೀಡ್. ಅದನ್ನಂತೂ ಆಡಿಯೇ ಗಳಿಸಿದ್ದಲ್ಲವಾ?

ವಾಕ್‌ಓವರ್ ಬೇರೆ. ಅಲ್ಲಿ ಎದುರಾಳಿ ಇರುತ್ತಾರೆ, ಆದರೆ ಅಂಕಣಕ್ಕೆ ಬರುವುದಿಲ್ಲ. 1938ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಸ್ವೀಡನ್‌ಗೆ ಮೊದಲ ಎದುರಾಳಿ ಆಸ್ಟ್ರಿಯಾ. ಆ ಮಾರ್ಚ್‌ನಲ್ಲೇ ಜರ್ಮನಿ ಆಸ್ಟ್ರಿಯಾವನ್ನು ನುಂಗಿಹಾಕಿತ್ತು. ತಂಡವೂ ಇಲ್ಲ, ದೇಶವೂ ಇಲ್ಲ. 16ರ ಪಟ್ಟಿಯಲ್ಲಿ 15 ಉಳಿದವು. ಸ್ವೀಡನ್ ಚೆಂಡು ಮುಟ್ಟದೆ ಕ್ವಾರ್ಟರ್‌ಫೈನಲ್ ತಲುಪಿ, ಅಲ್ಲಿ ಕ್ಯೂಬಾಗೆ 8 ಗೋಲು ಹೊಡೆಯಿತು. ಖಾಲಿ ಮನೆ ಎಲ್ಲ ಸಲವೂ ಲೆಕ್ಕದಿಂದಲೇ ಹುಟ್ಟುವುದಿಲ್ಲ ನೋಡು.

ನಿನ್ನ ತಮ್ಮನ ಚೆಸ್‌ನಲ್ಲಾದರೆ ಬೆಸ ಸಂಖ್ಯೆಯಾಗಿ ಜೋಡಿ ಸಿಗದೆ ಉಳಿದವನಿಗೆ ಪೂರ್ತಿ ಒಂದು ಪಾಯಿಂಟ್ ಕೊಡುತ್ತಾರೆ. ನಿಮ್ಮಲ್ಲಿ ಪಾಯಿಂಟೂ ಇಲ್ಲ, ಸ್ಕೋರೂ ಇಲ್ಲ. ಅದೇ ಸರಿ ಅನ್ನಿಸುತ್ತೆ ನನಗೆ. ಎಂಟೇ ಮಂದಿ ಬಂದ ಟೂರ್ನಿಯಲ್ಲಿ ಒಂದೂ ಪಂದ್ಯ ಗೆಲ್ಲದೆ ‘ಕ್ವಾರ್ಟರ್‌ಫೈನಲಿಸ್ಟ್’ ಅಂತ ಸರ್ಟಿಫಿಕೇಟ್ ಒಯ್ದವರನ್ನು ನಾನೇ ನೋಡಿದ್ದೇನೆ.

ನೇರ ದಾರಿ ಸಿಕ್ಕವರೇ ಗೆಲ್ಲುತ್ತಾರೆ ಅಂತಲೂ ಇಲ್ಲ. ಡಬ್ಲ್ಯುಪಿಎಲ್‌ನಲ್ಲಿ ಲೀಗ್‌ನ ಮೊದಲ ಸ್ಥಾನದವರು ನೇರ ಫೈನಲ್‌ಗೆ ಹೋಗುತ್ತಾರೆ. ಅದನ್ನು ಬೈ ಅಂತ ಕರೆಯದಿದ್ದರೂ ಕೆಲಸ ಅದರದೇ. 2023, 2024, 2025, ಮೂರು ಸಲವೂ ಡೆಲ್ಲಿ ಹಾಗೆ ಹೋಗಿ ಮೂರು ಸಲವೂ ಸೋತಿತು. 2024ರಲ್ಲಿ ನಮ್ಮ ಆರ್‌ಸಿಬಿ ಮೂರನೇ ಸ್ಥಾನದಿಂದ ಬಂದು, ಎಲಿಮಿನೇಟರ್‌ನಲ್ಲಿ ಮುಂಬೈಯನ್ನು 5 ರನ್‌ಗಳಿಂದ ದಾಟಿ ಫೈನಲ್‌ಗೆ ಬಂದದ್ದು. ವಿಶ್ರಾಂತಿಯಿಂದಲೇ ಡೆಲ್ಲಿ ಕೆಟ್ಟಿತು ಅನ್ನಲಾರೆ. ಆ ಫೈನಲ್‌ನಲ್ಲಿ ವಿಕೆಟ್ ಬೀಳದೆ 64 ಹೊಡೆದಿದ್ದರು! ಆಮೇಲೆ ಕುಸಿದು 113ಕ್ಕೆ ಆಲೌಟ್. ಶ್ರೇಯಾಂಕಾ ಪಾಟೀಲ್‌ಗೆ 4 ವಿಕೆಟ್.

ನಿನಗೆ ಒಂದೇ ಕಿವಿಮಾತು. ನಿನ್ನ ಎದುರಾಳಿ ಆ ಹೊತ್ತಿಗೆ ಒಂದು ಪಂದ್ಯ ಆಡಿ ಬೆವರಿರುತ್ತಾಳೆ. ಯಾವ ತುದಿಯಿಂದ ಹೊಡೆದರೆ ಶಟಲ್ ಗಾಳಿಗೆ ಆಚೆ ಹೋಗುತ್ತೆ, ಎತ್ತರಕ್ಕೆ ನೋಡಿದರೆ ಯಾವ ಲೈಟು ಕಣ್ಣಿಗೆ ಕುಕ್ಕುತ್ತೆ, ಎಲ್ಲ ಗೊತ್ತಿರುತ್ತೆ. ಆದ್ದರಿಂದ ಮನೆಯಲ್ಲಿ ಮಲಗಿರಬೇಡ. ಬೆಳಿಗ್ಗೆಯೇ ಹೋಗಿ, ಅಂಕಣ ಖಾಲಿ ಸಿಕ್ಕರೆ ಎರಡೂ ಕಡೆಯಿಂದ ಹತ್ತಿಪ್ಪತ್ತು ಟಾಸ್ ಹೊಡೆದು ನೋಡು. ಆಮೇಲೆ ಪಟ್ಟಿಯಲ್ಲಿ ನಿನ್ನ ಪಕ್ಕದ ಪಂದ್ಯವನ್ನು ಕೂತು ನೋಡು. ಅದರಲ್ಲಿ ಯಾರು ಗೆದ್ದರೂ ಮಧ್ಯಾಹ್ನ ಸಿಗುವುದು ನಿನಗೇ.

ಊಟ ಮಾತ್ರ ಹಗುರವಾಗಿರಲಿ.

ನಿನ್ನ ಚಿಕ್ಕಪ್ಪ