ಗಾಳಿ ಬೇಕು, ಅಲೆ ಬೇಡ

ಗಾಳಿ ಜೋರಾಗಿ ಬೀಸಬೇಕು, ನೀರು ಮಾತ್ರ ಕಲಕಬಾರದು. ಇಂಥ ಜಾಗ ಎಲ್ಲಾದರೂ ಉಂಟೆ? ಇಪ್ಪತ್ತೇಳು ವರ್ಷ ವಿಜ್ಞಾನ ಪಾಠ ಹೇಳಿದ ನನಗೆ ಸೋದರಳಿಯ ಹಾಕಿದ ಪ್ರಶ್ನೆಯಿದು.

ಅವನಿಗೆ ಕೈಟ್‌ಬೋರ್ಡಿಂಗ್ ಹುಚ್ಚು. ಕಾಲಿಗೆ ಹಲಗೆ, ಸೊಂಟಕ್ಕೆ ಪಟ್ಟಿ, ಇಪ್ಪತ್ತು ಮೀಟರಿಗೂ ಉದ್ದದ ದಾರಗಳ ತುದಿಯಲ್ಲಿ ಕಮಾನಿನಂಥ ಗಾಳಿಪಟ. ಅದು ಎಳೆದತ್ತ ನೀರಿನ ಮೇಲೆ ಜಾರುವ ಆಟ. ನೀರಿಗೆ ಬಿದ್ದರೂ ಮತ್ತೆ ಮೇಲೇಳುವಂತೆ ಗಾಳಿಪಟದ ಅಂಚಿಗೆ ಗಾಳಿ ತುಂಬುವ ಉಪಾಯ ಫ್ರಾನ್ಸಿನ ಲೆಗೆನ್ಯೂ ಸೋದರರದು. 1984ರಲ್ಲಿ ಅವರು ಅದರ ಪೇಟೆಂಟಿಗೆ ಅರ್ಜಿ ಹಾಕಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಆಟದ ಪಂದ್ಯವೂ ನಡೆಯಿತು.

ಕಳೆದ ಮೇ ರಜೆಯಲ್ಲಿ ನಾನು ರಾಮೇಶ್ವರಕ್ಕೆ ಹೊರಟಾಗ ಅವನೂ ಜೊತೆಯಾದ. ನನಗೆ ಇಪ್ಪತ್ತೆರಡು ತೀರ್ಥಗಳ ಸ್ನಾನ, ಅವನಿಗೆ ಗಾಳಿ!

ರಾಮೇಶ್ವರ ದ್ವೀಪದ ಆಗ್ನೇಯ ತುದಿಯೇ ಧನುಷ್ಕೋಟಿ. 1964ರ ಡಿಸೆಂಬರಿನ ಚಂಡಮಾರುತ ಊರನ್ನೇ ನುಂಗಿತು. ಈಗಿರುವುದು ಕಿರಿದಾದ ಮರಳುಪಟ್ಟಿ, ಅಲ್ಲಲ್ಲಿ ಹಾಳುಗೋಡೆಗಳು. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಸ್ಥಳೀಯರಿಗೆ ಮೊದಲನೆಯದು ಹೆಣ್ಣುಕಡಲು, ಎರಡನೆಯದು ಗಂಡುಕಡಲು.

ಅಲೆಯ ಎತ್ತರವನ್ನು ನಿರ್ಧರಿಸುವುದು ಮೂರು ಸಂಗತಿಗಳು: ಗಾಳಿಯ ವೇಗ, ಅದು ಬೀಸಿದ ಹೊತ್ತು, ನೀರಿನ ಮೇಲೆ ಅದು ಓಡಿದ ದೂರ. ಮೇ ತಿಂಗಳ ತೆಂಕಣ ಗಾಳಿ ಮನ್ನಾರ್ ಕೊಲ್ಲಿಯುದ್ದಕ್ಕೂ ಎಬ್ಬಿಸಿ ತಂದ ಅಲೆ ಮರಳುಪಟ್ಟಿಗೆ ಬಡಿದು ನಿಲ್ಲುತ್ತದೆ. ಪಟ್ಟಿ ತಗ್ಗಾದ್ದರಿಂದ ಗಾಳಿ ಮಾತ್ರ ಸಲೀಸಾಗಿ ದಾಟುತ್ತದೆ. ಆಚೆ ಬದಿಯ ದಡದ ಹತ್ತಿರ ಹೊಸ ಅಲೆ ಬೆಳೆಯಲು ದೂರ ಸಾಲದು. ಚಳಿಗಾಲದ ಈಶಾನ್ಯ ಗಾಳಿಯಲ್ಲಿ ಈ ಲೆಕ್ಕ ತಿರುವುಮುರುವು.

ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಾಗಾಗಿ ನಮಗೆ ಸಿಕ್ಕಿದ್ದು ಒಂದು ನಾಡದೋಣಿ ಮತ್ತು ಅದರ ಅರವತ್ತು ದಾಟಿದ ಯಜಮಾನ. ನಕ್ಷೆಯಲ್ಲಿ ಮನ್ನಾರ್ ಕೊಲ್ಲಿಯ ದ್ವೀಪಗಳನ್ನು ನೋಡಿ ಅಳಿಯನಿಗೆ ಆಸೆಯಾಯಿತು. ದೋಣಿಯಾತ ತಲೆಯಾಡಿಸಿಬಿಟ್ಟ. ಆ 21 ದ್ವೀಪಗಳು 1986ರಲ್ಲಿ ಘೋಷಣೆಯಾದ ಸಾಗರ ರಾಷ್ಟ್ರೀಯ ಉದ್ಯಾನದ ಭಾಗ, ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ.

ಮರಳುಪಟ್ಟಿಯನ್ನು ಬಲಕ್ಕಿಟ್ಟುಕೊಂಡು ಪಾಕ್ ಕೊಲ್ಲಿಯ ಬದಿಯಲ್ಲೇ ಸಾಗಿದೆವು. ಗಾಳಿಮರದ ತೋಪಿನ ಎದುರಿನ ನೀರು ಕನ್ನಡಿಯಂತಿತ್ತು. "ಇಲ್ಲೇ ಇಳಿ" ಎಂದೆ. "ಇಲ್ಲಿ ಗಾಳಿಯೂ ಇಲ್ಲವಲ್ಲ ಮಾವ!" ಎಂದು ಅಳಿಯ ನಕ್ಕ. ಮರಗಳ ಮರೆಯಲ್ಲಿ ಗಾಳಿ ಒಮ್ಮೆ ಸತ್ತಂತಿದ್ದು ಮರುಕ್ಷಣ ನುಗ್ಗುತ್ತದೆ. ಗಾಳಿಪಟಕ್ಕೆ ಅದು ಅಪಾಯ. ಮುಂದೆ ನೀರಿನ ಬಣ್ಣವೇ ದಾರಿ ತೋರಿಸಿತು. ತಿಳಿಹಸಿರಿದ್ದಲ್ಲಿ ತಳ ಮರಳು, ಕಪ್ಪಿದ್ದಲ್ಲಿ ಕಡಲಹುಲ್ಲು. ಬಲೆಯ ಗುರುತಿನ ಬಾವುಟಗಳಿಂದ ದೂರ ಸರಿದು, ಬೋಳು ಮರಳಿನ ಎದುರಿಗೆ ಗಳು ಇಳಿಸಿ ನೋಡಿದಾಗ ಸೊಂಟದಾಳ ನೀರು.

ಅಳಿಯ ಇಳಿದ. ದೋಣಿಯನ್ನು ಅಲ್ಲೇ ದಡಕ್ಕೆ ಕಟ್ಟೋಣವೆಂದೆ. ಯಜಮಾನ ಕೇಳಲಿಲ್ಲ. ದೂರ ಸಾಗಿ, ದೋಣಿ ತೂಗಾಡುವ ಕಡೆ ಲಂಗರು ಬಿಟ್ಟು ಬೀಡಿ ಹಚ್ಚಿದ. ನನಗೆ ಹೊಟ್ಟೆ ತೊಳಸಿ ಸಿಟ್ಟೂ ಬಂತು.

ಅರ್ಧ ಗಂಟೆ ಹುಡುಗ ಹಕ್ಕಿಯಂತೆ ಹಾರಾಡಿದ. ಆಮೇಲೆ ದಾರ ತೊಡರಿ ಗಾಳಿಪಟ ನೀರಿಗೆ ಬಿತ್ತು, ಏಳಲಿಲ್ಲ. ಹಲಗೆ ಒಂದು ಕಡೆ, ಅವನೊಂದು ಕಡೆ. ಗಾಳಿ ಅವನನ್ನು ದಡದಿಂದ ಆಚೆಗೆ, ಆಳಕ್ಕೆ ಎಳೆಯತೊಡಗಿತು. ನನ್ನ ಗಂಟಲು ಒಣಗಿತು. ಅಕ್ಕನಿಗೆ ಏನು ಹೇಳಲಿ?

"ಬಿದ್ದರೆ ಈ ಕಡೆಗೇ ಬರೋದು ಸಾರ್" ಎಂದು ಯಜಮಾನ ತಮಿಳಿನಲ್ಲಿ ಹೇಳಿ, ಲಂಗರೆತ್ತಿ, ಅಡ್ಡ ಹೋಗಿ ಅವನ ತೋಳು ಹಿಡಿದ.

ಆಗ ಹೊಳೆಯಿತು. ದಡದ ಮರೆಯ ನೀರು ಶಾಂತವಾಗಿರುವುದೇ ಗಾಳಿ ನೆಲದಿಂದ ಕಡಲಿಗೆ ಬೀಸುವುದರಿಂದ. ಬಿದ್ದವನನ್ನು ಹೊರಕ್ಕೆ ಒಯ್ಯುವುದೂ ಅದೇ ಗಾಳಿ. ಸೂತ್ರವನ್ನು ವರ್ಷವರ್ಷವೂ ಹಲಗೆಯ ಮೇಲೆ ಬರೆದ ನಾನು ಅದರ ಈ ಅರ್ಧವನ್ನು ಯೋಚಿಸಿಯೇ ಇರಲಿಲ್ಲ.

ಇಂಥ ನೀರಿಗೆ ಇಳಿಯುವವರು ಗಾಳಿ ತಮ್ಮನ್ನು ಎತ್ತ ಒಯ್ಯುತ್ತದೆ, ಅಲ್ಲಿ ದೋಣಿ ಉಂಟೆ ಎಂದು ಮೊದಲು ನೋಡಿಕೊಳ್ಳಲಿ. ದಡಕ್ಕೆ ಬಂದ ಅಳಿಯ ಯಜಮಾನನ ಕಾಲು ಮುಟ್ಟಿದ. ಆತ ಸಂಕೋಚದಿಂದ ಹಿಂದೆ ಸರಿದು, ತೇಲಿಹೋದ ಹಲಗೆಯನ್ನು ಹುಡುಕಲು ದೋಣಿ ತಿರುಗಿಸಿದ.